ಗೊಂಚಲು ಒಂದು, ಕೀಲಿಕೈ ಹಲವು

ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಯಲ್ಲಿ ಕಲಿತು, ಸೋಲಾಪುರದಲ್ಲಿ ಪದವಿ ಮುಗಿಸಿದ ತರುಣನೊಬ್ಬ ತನ್ನ ನೌಕರಿಯ ಅರ್ಜಿಯನ್ನು ತೋರಿಸಲು ನನ್ನಲ್ಲಿಗೆ ಬಂದಿದ್ದ. ‘ಮೈ ಸ್ಕಿಲ್ ಸೆಟ್ಸ್ ಆರ್’ ಎಂದು ಆರಂಭಿಸಿ, ಕಂಪ್ಯೂಟರ್ ಮತ್ತು ಇಂಗ್ಲಿಷ್ ಎಂಬ ಎರಡನ್ನು ಮಾತ್ರ ಬರೆದಿದ್ದ. ಆ ಒಂದು ಸಾಲಿನಲ್ಲಿ ಎರಡು ತಪ್ಪುಗಳಿದ್ದವು.

ಮೊದಲನೆಯದು ವ್ಯಾಕರಣದ್ದು. ‘ಸ್ಕಿಲ್’ ಎಂದರೆ ಒಂದು ಕೌಶಲ; ‘ಸ್ಕಿಲ್ ಸೆಟ್’ ಎಂದರೆ ಒಬ್ಬರಲ್ಲಿರುವ ಕೌಶಲಗಳ ಸಮೂಹ. ಗೊಂಚಲು ಒಂದೇ, ಅದರಲ್ಲಿರುವ ಕೀಲಿಕೈಗಳು ಹಲವು. ಆದುದರಿಂದ ತನ್ನ ಕುರಿತು ಬರೆಯುವಾಗ ‘ಮೈ ಸ್ಕಿಲ್ಸ್ ಆರ್’ ಎನ್ನಬೇಕು, ಇಲ್ಲವೆ ‘ಮೈ ಸ್ಕಿಲ್ ಸೆಟ್ ಇನ್‌ಕ್ಲೂಡ್ಸ್’ ಎನ್ನಬೇಕು. ‘ಸ್ಕಿಲ್ ಸೆಟ್ಸ್’ ಎಂಬ ಬಹುವಚನ ಸಲ್ಲುವುದು ಬೇರೆ ಬೇರೆ ವೃತ್ತಿಗಳನ್ನು ಹೋಲಿಸುವಾಗ: ವಕೀಲರ ಗೊಂಚಲು ಬೇರೆ, ವೈದ್ಯರದು ಬೇರೆ. ಎರಡು ಪದಗಳನ್ನು ಬಿಡಿಸಿ ಬರೆಯುವುದು ಉತ್ತಮ. ಸಂದೇಹ ಬಂದರೆ ‘ಸ್ಕಿಲ್ಸ್’ ಎಂಬುದೊಂದೇ ಸಾಕು.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಕನ್ನಡ, ಮರಾಠಿ, ಹಿಂದಿಗಳನ್ನು ಏಕೆ ಬಿಟ್ಟೆ ಎಂದು ಕೇಳಿದೆ.

“ಕನ್ನಡ ಮನೀ ಮಾತರಿ ಸಾಹೇಬ್ರ, ಅದು ಸ್ಕಿಲ್ ಹೆಂಗ ಆಗ್ತದ್ರಿ?” ಎಂದ.

ಅಕ್ಕಲಕೋಟೆಯ ರೈತ ತನ್ನ ಹೊಲದ ತಂಟೆಯನ್ನು ಕನ್ನಡದಲ್ಲಿ ಹೇಳುತ್ತಾನೆ. ಅರ್ಜಿ ಮರಾಠಿಯಲ್ಲಿ ಸಿದ್ಧವಾಗಬೇಕು. ಆಧಾರವಾಗುವ ಉಚ್ಚ ನ್ಯಾಯಾಲಯದ ತೀರ್ಪು ಇಂಗ್ಲಿಷಿನಲ್ಲಿರುತ್ತದೆ. ಈ ಮೂರನ್ನೂ ಅರ್ಥ ಕೆಡದಂತೆ ಜೋಡಿಸುವುದೇ ನನ್ನ ನಿತ್ಯದ ದುಡಿಮೆ. ಅದಕ್ಕೆ ಬೇಕಾದ ಮೊದಲ ಕೀಲಿಕೈಯನ್ನು ನನಗೆ ಕೊಟ್ಟದ್ದು ಕನ್ನಡ ಶಾಲೆ. ಬ್ಯಾಂಕು, ಆಸ್ಪತ್ರೆ, ಅಂಗಡಿಗಳಲ್ಲಿಯೂ ಈ ಗಡಿಭಾಗದ ಗಿರಾಕಿಯೊಡನೆ ಅವನ ಮಾತಿನಲ್ಲೇ ವ್ಯವಹರಿಸಬಲ್ಲವರು ಬೇಕು.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಬಂದ ವಿಧಿಯಿದು. ಸಂವಿಧಾನವೇ ಮನ್ನಿಸಿದ ಕಲಿಕೆಯನ್ನು ನಮ್ಮ ಮಕ್ಕಳು ಅರ್ಜಿಯಲ್ಲಿ ಮುಚ್ಚಿಡುವುದು ತರವೆ?

ಪಾಲಕರಲ್ಲಿ ನನ್ನ ವಿನಂತಿ ಇಷ್ಟೆ: ಮಕ್ಕಳು ಅರ್ಜಿ ತುಂಬುವಾಗ ಹತ್ತಿರ ಕುಳಿತುಕೊಳ್ಳಿರಿ. ಬಾರದ ಕೌಶಲವನ್ನು ಬರೆಯಿಸಬೇಡಿರಿ, ಬಂದುದನ್ನು ಬಿಡಿಸಬೇಡಿರಿ. ಪ್ರತಿ ಭಾಷೆಯ ಮುಂದೆ ಓದು, ಬರಹ, ಮಾತು ಎಂದು ಬೇರೆ ಬೇರೆಯಾಗಿ ನಮೂದಿಸಿರಿ. ಆ ತರುಣ ಅರ್ಜಿಯನ್ನು ಹೊಸದಾಗಿ ಬರೆದ. ಈ ಸಲ ಭಾಷೆಗಳ ಸಾಲಿನಲ್ಲಿ ನಾಲ್ಕು ಹೆಸರುಗಳಿದ್ದವು, ಮೊದಲನೆಯದು ಕನ್ನಡ.