ಹಳಿ ತಪ್ಪಿದ ಪುಟಾಣಿ ಎಂಜಿನ್

ಗುಳೇದಗುಡ್ಡ ರಸ್ತೆ ನಿಲ್ದಾಣದಲ್ಲಿ ನಿಂತು ನೋಡುವವರಿಗೆ ರೈಲುಗಾಲಿಯ ಹೊರಮೈ ಮಾತ್ರ ಕಾಣುತ್ತದೆ. ಅದರ ಒಳಬದಿಯಲ್ಲಿ, ಹಳಿಯ ಮರೆಯಲ್ಲಿ, ಗಾಲಿಯ ಸುತ್ತಲೂ ಎದ್ದ ಅಂಚೊಂದು ಇರುವುದು. ನಮ್ಮ ದೇಶದ ದೊಡ್ಡ ಗಾಡಿಗಳ ಹೊಸ ಗಾಲಿಯಲ್ಲಿ ಇದರ ಎತ್ತರ ಕೇವಲ 28.5 ಮಿಲಿಮೀಟರು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಮಕ್ಕಳನ್ನು ಹೊತ್ತು ತಿರುಗಿ ಹೆಸರಾದ ಪುಟಾಣಿ ರೈಲಿನಂಥ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ ಇನ್ನೂ ಗಿಡ್ಡ. ಹೀಗಿರುವಲ್ಲಿ, ತಿರುವಿನಲ್ಲಿ ಒಂದು ಹಳಿ ತುಸು ಕುಸಿದರೂ ಸಾಕು. ಮುಕ್ಕಾಲಿ ಎಂಥ ನೆಲದಲ್ಲಿಯೂ ಅಲುಗದೆ ನಿಲ್ಲುತ್ತದೆ. ನಾಲ್ಕು ಕಾಲಿನ ಮಣೆ ಕುಂಟುತ್ತದೆಯಷ್ಟೆ? ಹಾಗೆಯೇ ನಾಲ್ಕನೆಯ ಗಾಲಿಯ ಮೇಲಿನ ಭಾರ ಇಳಿದುಹೋಗಿ, ಅದರ ಅಂಚು ಹಳಿಯನ್ನು ಹತ್ತಿ ಆಚೆಗೆ ಬೀಳುತ್ತದೆ.

ಎಂಜಿನ್ನಿನ ತೂಕ 1000 ಕಿಲೋಗ್ರಾಮು ಎಂದಿಟ್ಟುಕೊಳ್ಳೋಣ. ಮುಂದಿನ ಜೋಡಿ ಗಾಲಿಗಳು ಮಾತ್ರ ಕೆಳಗಿಳಿದಿವೆ. ನಾಲ್ಕು ಜನ ಸೇರಿ ‘ಐಸಾ’ ಎಂದು ಎತ್ತಿಬಿಡುವ ಉತ್ಸಾಹ ಸಹಜವೇ. ಆದರೆ ಒಬ್ಬನ ಕೈ ಜಾರಿದರೆ ಇನ್ನೊಬ್ಬನ ಬೆರಳು ಹೋಯಿತು! ಮೊದಲು ಮಕ್ಕಳನ್ನು ಇಳಿಸಿ ದೂರ ಕಳುಹಿಸಬೇಕು. ಹಳಿಯ ಮೇಲೆಯೇ ಉಳಿದ ಹಿಂದಿನ ಗಾಲಿಗಳಿಗೆ ಎರಡೂ ಕಡೆ ಅಡೆ ಕೊಡಬೇಕು.

ಭಾರವು ನಡುಮಧ್ಯದಲ್ಲಿದ್ದರೆ ಮುಂಭಾಗದಲ್ಲಿ ಎತ್ತಬೇಕಾದದ್ದು ಸುಮಾರು 500 ಕಿಲೋಗ್ರಾಮು. ಬಾದಾಮಿ, ಗುಳೇದಗುಡ್ಡಗಳ ಕಡೆ ಹಾರೆಯಿಂದ ಬಂಡೆ ಮೀಟುವವರನ್ನು ನೋಡಿದವರಿಗೆ ಉಪಾಯ ಹೊಸದಲ್ಲ. ಎರಡು ಮೀಟರು ಉದ್ದದ ಹಾರೆಗೆ ಭಾರದಿಂದ 20 ಸೆಂಟಿಮೀಟರು ದೂರದಲ್ಲಿ ಆಸರೆ ಕೊಟ್ಟರೆ, ಒಂಬತ್ತನೆಯ ಒಂದು ಪಾಲು, ಎಂದರೆ ಸುಮಾರು 56 ಕಿಲೋಗ್ರಾಮಿನ ಒತ್ತಡ ಸಾಕು. ಕಾಲೇಜು ವಿದ್ಯಾರ್ಥಿಯೊಬ್ಬನ ಮೈಭಾರವಷ್ಟೇ! ಆದರೆ ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ತೆರಬೇಕು. ಹಳಿಯ ಎತ್ತರ 6 ಸೆಂಟಿಮೀಟರಿದ್ದರೆ, ಅಂಚು ಅದನ್ನು ದಾಟಲು 7 ಸೆಂಟಿಮೀಟರಾದರೂ ಏಳಬೇಕು. ಕೈಯ ತುದಿ 63 ಸೆಂಟಿಮೀಟರು ಇಳಿಯಬೇಕು. ಒಂದೇ ಸಲಕ್ಕೆ ಇದು ಆಗದು. ಆದಕಾರಣ ತಿರುಪಿನ ಅಥವಾ ಎಣ್ಣೆಯ ಒತ್ತಡದ ಜಾಕು ಮೇಲು. ಅದರಡಿ ಅಗಲವಾದ ಹಲಗೆಯಿರಲಿ. ಇಲ್ಲದಿದ್ದರೆ ಎಂಜಿನ್ ಏರುವ ಬದಲು ಜಾಕೇ ಜಲ್ಲಿಯಲ್ಲಿ ಇಳಿಯುತ್ತದೆ. ಎಂಜಿನ್ ಒಂದೊಂದು ಬೆರಳು ಏರಿದಂತೆಲ್ಲ ಕೆಳಗೆ ಮರದ ತುಂಡುಗಳನ್ನು ಪೇರಿಸುತ್ತ ಹೋಗಬೇಕು. ಜಾಕನ್ನು ಮಾತ್ರ ನಂಬಿ ಅಡಿಗೆ ಕೈಯಿಡುವುದು ಹುಚ್ಚುಸಾಹಸವೇ ಸರಿ.

ಇಲ್ಲೊಂದು ಸ್ವಾರಸ್ಯವಿದೆ. ಚೌಕಟ್ಟಿಗೂ ಗಾಲಿಗೂ ನಡುವೆ ಸ್ಪ್ರಿಂಗುಗಳಿರುವುದರಿಂದ, ಚೌಕಟ್ಟು ಏರಿದರೂ ಗಾಲಿಗಳು ಇದ್ದಲ್ಲಿಯೇ ಜೋತುಬೀಳುತ್ತವೆ. ಎತ್ತುವ ಮುನ್ನ ಅಚ್ಚನ್ನು ಸರಪಳಿಯಿಂದ ಚೌಕಟ್ಟಿಗೆ ಬಿಗಿದರೆ ಎರಡೂ ಒಟ್ಟಿಗೆ ಮೇಲೇಳುವುವು.

ಇನ್ನು ಪಕ್ಕಕ್ಕೆ ಸರಿಸುವ ಕೆಲಸ. ಒಣ ಉಕ್ಕಿನ ಮೇಲೆ ಉಕ್ಕನ್ನು ಜಾರಿಸಲು ಭಾರದ ಅರ್ಧದಷ್ಟು ಬಲವಾದರೂ ಬೇಕಾದೀತು. ನಡುವೆ ಗ್ರೀಸು ಸವರಿದರೆ ಹತ್ತನೆಯ ಒಂದು ಪಾಲಿಗೆ ಇಳಿಯಬಹುದು. ಗ್ರೀಸು ಬಳಿದ ಎರಡು ಉಕ್ಕಿನ ಫಲಕಗಳನ್ನು ಜಾಕಿನಡಿ ಇಡುವುದು ಇದಕ್ಕಾಗಿಯೇ. ಗಾಲಿಗಳು ಹಳಿಯ ನೇರಕ್ಕೆ ಬಂದೊಡನೆ ಮರದ ತುಂಡುಗಳನ್ನು ಒಂದೊಂದಾಗಿ ತೆಗೆಯುತ್ತ ಮೆಲ್ಲನೆ ಇಳಿಸುವುದು.

ಆ ಬಳಿಕ ಕುಸಿದ ಹಳಿಯ ಕೆಳಗೆ ಜಲ್ಲಿ ತುಂಬಿ, ಹಳಿಗಳ ನಡುವಣ ಅಂತರವನ್ನು ಅಳೆದು, ಖಾಲಿ ಎಂಜಿನ್ನನ್ನು ಅದೇ ತಿರುವಿನ ಮೇಲೆ ಕೈಯಿಂದ ತಳ್ಳಿ ನೋಡಬೇಕು. ನಾಲ್ಕೂ ಗಾಲಿಗಳು ಹಳಿಗೆ ತಾಗಿಯೇ ಉರುಳಿದರೆ ಮಕ್ಕಳನ್ನು ಹತ್ತಿಸಬಹುದು.