ಸಿ.ಡಿ. ಬರೆಯುವ ಯಂತ್ರವೂ ಅದರ ಡ್ರೈವರೂ

ಈ ಸ್ಮರಣ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿನಿಯರಿಂದ ಶಾಲೆಯ ಪೂರ್ವಸ್ಮರಣೆಗಳನ್ನು ಕೇಳಿಕೊಂಡಾಗ ನಮ್ಮ ಮೇಜಿನ ಮೇಲೆ ಬಂದು ಸೇರಿದವುಗಳಲ್ಲಿ ಲೇಖನಗಳಿಗಿಂತ ಸಿ.ಡಿ. ತಟ್ಟೆಗಳೇ ಹೆಚ್ಚಾಗಿದ್ದುವು. ವಾರ್ಷಿಕೋತ್ಸವದ ಹಾಡುಗಳು, ನಾಟಕಗಳು, ಬೀಳ್ಕೊಡುಗೆಯ ದಿನದ ಚಿತ್ರಗಳು, ನಿವೃತ್ತರಾದ ಉಪಾಧ್ಯಾಯಿನಿಯರ ಭಾಷಣಗಳು, ಹೀಗೆ ಸುಮಾರು 2000ದಿಂದ 2012ರ ವರೆಗಿನ ಶಾಲಾಜೀವನವೆಲ್ಲ ಆ ಹೊಳೆಯುವ ತಟ್ಟೆಗಳಲ್ಲಿಯೇ ಅಡಗಿರುವುದು. ಬಹುಮಟ್ಟಿಗೆ ಪ್ರತಿಯೊಂದರ ಜೊತೆಗೂ ಒಂದು ಚೀಟಿ: "ನಮ್ಮ ಗಣಕಯಂತ್ರದಲ್ಲಿ ಇದು ತೆರೆಯುವುದಿಲ್ಲ, ಇದಕ್ಕೆ ಯಾವ ಡ್ರೈವರನ್ನು ಹಾಕಬೇಕು, ಮೇಡಂ?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯುವುದಕ್ಕಿಂತ ಎಲ್ಲರಿಗೂ ಇಲ್ಲಿಯೇ ಬರೆಯುವುದು ಲೇಸೆಂದು ನಮಗೆ ತೋರಿತು. ವಿಷಯವು ಅವಸರದ್ದೂ ಆಗಿದೆ. ಅದು ಹೇಗೆಂಬುದನ್ನು ಮೊದಲು ಹೇಳುವೆವು.

ಅಂಗಡಿಯಲ್ಲಿ ಕೊಂಡ ಹಾಡಿನ ತಟ್ಟೆಯೂ ಮನೆಯಲ್ಲಿ ಬರೆದ ತಟ್ಟೆಯೂ ನೋಟಕ್ಕೆ ಒಂದೇ ಆದರೂ ಅವುಗಳ ಹುಟ್ಟು ಬೇರೆ. ಮೊದಲನೆಯದರಲ್ಲಿ ಅತಿ ಸೂಕ್ಷ್ಮವಾದ ಗುಳಿಗಳನ್ನು ಅಚ್ಚಿನಿಂದ ಒತ್ತಿರುತ್ತಾರೆ. ಎರಡನೆಯದರಲ್ಲಿ ತೆಳುವಾದ ಒಂದು ಬಣ್ಣದ ಪದರವಿರುವುದು. ಯಂತ್ರದೊಳಗಿನ ಲೇಸರ್ ಕಿರಣವು ಆ ಬಣ್ಣವನ್ನು ಅಲ್ಲಲ್ಲಿ ಕಾಯಿಸಿ ಗುರುತು ಮಾಡುವುದು. ಇದರಿಂದಲೇ ತಟ್ಟೆ ಬರೆಯುವುದಕ್ಕೆ 'ಬರ್ನ್' ಮಾಡುವುದು, ಎಂದರೆ ಸುಡುವುದು, ಎಂಬ ಹೆಸರು ಬಂದಿತು. ಸಿ.ಡಿ.ಯನ್ನು 780 ನ್ಯಾನೊಮೀಟರ್ ಅಲೆಯುದ್ದದ ಕಿರಣದಿಂದ ಬರೆಯುತ್ತಾರೆ; ಡಿ.ವಿ.ಡಿ.ಯನ್ನು 650 ನ್ಯಾನೊಮೀಟರಿನ ಕಿರಣದಿಂದ. ಲೇಖನಿಯ ಮೊನೆ ಸಣ್ಣದಾದಷ್ಟೂ ಅಕ್ಷರವೂ ಸಣ್ಣದಾಗುವಂತೆ, ಸಿ.ಡಿ.ಯಲ್ಲಿ 700 ಮೆಗಾಬೈಟು ಹಿಡಿದರೆ ಅದೇ ಅಗಲದ ಡಿ.ವಿ.ಡಿ.ಯಲ್ಲಿ 4.7 ಗಿಗಾಬೈಟು ಹಿಡಿಯುವುದು.

ಬಣ್ಣವೆಂದ ಮೇಲೆ ಬಿಸಿಲಿಗೂ ಸೆಕೆಗೂ ಮಾಸುವುದು ಅದರ ಸ್ವಭಾವ. ನಮ್ಮ ಊರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು 1891ರಲ್ಲಿ ಸ್ಥಾಪಿತವಾದುದು. ಅಲ್ಲಿಗೆ ಬಂದ ಓಲೆಗರಿಗಳ ಕಟ್ಟಿನಿಂದಲೇ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಕಂಡುಹಿಡಿದು 1909ರಲ್ಲಿ ಅಚ್ಚಿಗೆ ತಂದರು. ಗರಿಯು ತಲೆಮಾರುಗಳ ಕಾಲ ಬಾಳಿತು. ಕಿಟಕಿಯ ಬಳಿ ಬಿದ್ದಿರುವ ಸಿ.ಡಿ.ಯಾದರೋ ಹತ್ತು ಹದಿನೈದು ವರ್ಷಗಳಲ್ಲಿಯೇ ಓದಲು ಬಾರದಂತಾದರೆ ಆಶ್ಚರ್ಯವಿಲ್ಲ. ಆದುದರಿಂದ ಇರುವುದನ್ನು ಈಗಲೇ ಓದಿ ತೆಗೆದು, ಗಣಕಯಂತ್ರದಲ್ಲಿ ಒಂದು ಪ್ರತಿಯನ್ನೂ ಹೊಸ ತಟ್ಟೆಯಲ್ಲಿ ಒಂದು ಪ್ರತಿಯನ್ನೂ ಮಾಡಿಕೊಳ್ಳಬೇಕಾಗಿದೆ. ಆದರೆ ಹೊಸದಾಗಿ ಬರುವ ಲ್ಯಾಪ್‌ಟಾಪುಗಳಲ್ಲಿ ತಟ್ಟೆಯನ್ನು ಇಡುವ ಸ್ಥಳವನ್ನೇ ಬಹುಪಾಲು ತೆಗೆದುಹಾಕಿರುವರು. ಹೀಗಾಗಿ ಯು.ಎಸ್.ಬಿ. ತಂತಿಯಿಂದ ಹೊರಗಡೆ ಜೋಡಿಸುವ ಡಿ.ವಿ.ಡಿ. ರೈಟರನ್ನು ಕೊಳ್ಳಬೇಕು. ಕೊಂಡು ತಂದ ಮೇಲೆಯೇ ಡ್ರೈವರಿನ ಪ್ರಶ್ನೆ ಹುಟ್ಟುವುದು.

ಡ್ರೈವರೆಂದರೆ ಚಾಲಕನೆಂದು ಅರ್ಥವಾದರೂ ಅದರ ಕೆಲಸ ನಿಜವಾಗಿ ದ್ವಿಭಾಷಿಯದು. ಗಣಕಯಂತ್ರದ ಭಾಷೆ ಒಂದು, ಅದಕ್ಕೆ ಜೋಡಿಸಿದ ಉಪಕರಣದ ಭಾಷೆ ಇನ್ನೊಂದು. ಇವೆರಡರ ನಡುವೆ ನಿಂತು ಅವರ ಮಾತನ್ನು ಇವರಿಗೂ ಇವರ ಮಾತನ್ನು ಅವರಿಗೂ ತಿಳಿಸುವ ಸಣ್ಣ ತಂತ್ರಾಂಶವೇ ಡ್ರೈವರು. ಡಾಸ್ ಇದ್ದ ಕಾಲದಲ್ಲಿ ಸಿ.ಡಿ. ಯಂತ್ರವನ್ನು ಕೊಂಡವರು ಅದರ ಸಂಗಡ ಬಂದ ಫ್ಲಾಪಿಯಿಂದ ಡ್ರೈವರನ್ನು ಹಾಕಿ, ಎಂ.ಎಸ್.ಸಿ.ಡಿ.ಇ.ಎಕ್ಸ್. ಎಂಬ ಇನ್ನೊಂದು ತಂತ್ರಾಂಶವನ್ನೂ ಸೇರಿಸಿ, ಎರಡು ಕಡತಗಳಲ್ಲಿ ಕೈಯಾರೆ ಸಾಲುಗಳನ್ನು ಬರೆಯಬೇಕಾಗಿದ್ದಿತು. ಮುಂದೆ ಯಂತ್ರ ತಯಾರಿಸುವವರೆಲ್ಲರೂ ಒಂದೇ ಬಗೆಯ ಆಜ್ಞೆಗಳಿಗೆ ಒಪ್ಪಿಕೊಂಡರು. ಆ ಒಪ್ಪಂದಕ್ಕೆ ಎಂ.ಎಂ.ಸಿ. ಎಂದು ಹೆಸರು. ಎಲ್ಲರೂ ಒಂದೇ ಭಾಷೆಯನ್ನಾಡಿದ ಮೇಲೆ ಬೇರೆ ಬೇರೆ ದ್ವಿಭಾಷಿಗಳೇಕೆ? ಆದುದರಿಂದ 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಮೊದಲುಗೊಂಡು ಇಂದಿನ ವಿಂಡೋಸ್ 11ರ ವರೆಗೂ ಈ ಡ್ರೈವರು ವಿಂಡೋಸಿನೊಳಗೆಯೇ ಇರುವುದು. ಲಿನಕ್ಸಿನಲ್ಲಿಯೂ ಹಾಗೆಯೇ. ತಂತಿಯನ್ನು ಚುಚ್ಚಿ ಒಂದು ನಿಮಿಷ ಕಾದರೆ ಸಾಕು, ಯಂತ್ರವು ತಾನಾಗಿಯೇ ಗುರುತಿಸಲ್ಪಡುವುದು.

ಹೊಸ ಯಂತ್ರದ ಪೆಟ್ಟಿಗೆಯಲ್ಲಿ ಕೆಲವು ವೇಳೆ ಡ್ರೈವರಿನದೆಂದು ಹೇಳುವ ಒಂದು ಸಿ.ಡಿ. ಇರುವುದುಂಟು. ಸಿ.ಡಿ. ಓದುವ ಯಂತ್ರವು ನಡೆಯುವುದಕ್ಕೆ ಬೇಕಾದುದನ್ನು ಸಿ.ಡಿ.ಯಲ್ಲಿಯೇ ಇಟ್ಟು ಕಳುಹಿಸುವುದೆಂದರೆ, ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಂತೆಯೇ ಸರಿ! ಸಾಮಾನ್ಯವಾಗಿ ಅದರಲ್ಲಿ ಇರುವುದು ಡ್ರೈವರಲ್ಲ, ತಟ್ಟೆ ಬರೆಯುವ ತಂತ್ರಾಂಶ. ಈ ಎರಡರ ಭೇದವನ್ನು ಅರಿತುಕೊಂಡವರಿಗೆ ಅರ್ಧ ಕಷ್ಟ ಕಳೆದಂತೆಯೇ.

ಈ ಭೇದವನ್ನು ತಿಳಿಯದೆ ಆಗುವ ತೊಂದರೆಗೆ ರಾಮಕೃಷ್ಣನಗರದಲ್ಲಿ ವಾಸವಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ನಾವು ಕಂಡುದನ್ನು ಹೇಳಬಹುದು. ಆಕೆಯ ತಂದೆಯವರು ಗಮಕಿಗಳು. ಪರಮಹಂಸರ ಪ್ರತಿಮೆಯಿರುವ ವೃತ್ತದಿಂದ ಅನತಿ ದೂರದಲ್ಲಿರುವ ತಮ್ಮ ಮನೆಯ ಪಡಸಾಲೆಯಲ್ಲಿ ಅವರು ಕುಮಾರವ್ಯಾಸ ಭಾರತವನ್ನು ವಾಚನ ಮಾಡಿದುದನ್ನು ನೆರೆಯವರು ಹನ್ನೊಂದು ಸಿ.ಡಿ.ಗಳಲ್ಲಿ ಬರೆದುಕೊಟ್ಟಿದ್ದರು. ತಂದೆಯವರು ಈಗಿಲ್ಲ, ಆ ಧ್ವನಿಗೆ ಬೇರೆ ಪ್ರತಿಯೂ ಇಲ್ಲ. ಹೊಸ ರೈಟರನ್ನು ಕೊಂಡು ಮನೆಯ ಹಳೆಯ ಗಣಕಯಂತ್ರಕ್ಕೆ ಜೋಡಿಸಿದರೆ ಅದರ ದೀಪ ಹತ್ತುವುದು, ತಟ್ಟೆ ತಿರುಗುವುದು, ಆದರೆ 'ದಿಸ್ ಪಿ.ಸಿ.' ಎಂಬಲ್ಲಿ ಯಂತ್ರದ ಹೆಸರೇ ಇಲ್ಲ. ಯಾರೋ ಹೇಳಿದರೆಂದು ಆಕೆ ಅಂತರಜಾಲದಲ್ಲಿ ದೊರೆತ 'ಡ್ರೈವರ್ ಅಪ್ಡೇಟರ್' ಎಂಬ ತಂತ್ರಾಂಶವೊಂದನ್ನು ಹಾಕಿದಳು. ಅದು ಗಣಕಯಂತ್ರದಲ್ಲಿ ಮೂವತ್ತಕ್ಕೆ ಮೇಲ್ಪಟ್ಟು ದೋಷಗಳಿರುವುವೆಂದು ಹೆದರಿಸಿ ಹಣ ಕೇಳಿತು. ರೈಟರು ಮಾತ್ರ ಕಾಣಲೇ ಇಲ್ಲ.

ಇಂಥಲ್ಲಿ ಮೊದಲು ನೋಡತಕ್ಕದ್ದು ಡಿವೈಸ್ ಮ್ಯಾನೇಜರನ್ನು. ಸ್ಟಾರ್ಟ್ ಗುಂಡಿಯ ಮೇಲೆ ಬಲಗಡೆಯ ಕ್ಲಿಕ್ ಮಾಡಿದರೆ ಅದರ ಹೆಸರು ಕಾಣುವುದು. ಅದರೊಳಗೆ 'ಡಿ.ವಿ.ಡಿ./ಸಿ.ಡಿ.-ರಾಮ್ ಡ್ರೈವ್ಸ್' ಎಂಬ ಸಾಲಿನ ಕೆಳಗೆ ಯಂತ್ರದ ಹೆಸರಿದ್ದು ಪಕ್ಕದಲ್ಲಿ ಹಳದಿ ಗುರುತಿಲ್ಲದಿದ್ದರೆ ಡ್ರೈವರು ಸರಿಯಾಗಿದೆಯೆಂದು ತಿಳಿಯಬಹುದು. ಈ ಮನೆಯಲ್ಲಿ ಹಳದಿ ಗುರುತೂ 'ಕೋಡ್ 39' ಎಂಬ ಸಂಖ್ಯೆಯೂ ಇದ್ದುವು. ಕಾರಣವು ಹಳೆಯದು. ಹಿಂದೆ ಆ ಗಣಕಯಂತ್ರದಲ್ಲಿದ್ದ ತಟ್ಟೆ ಬರೆಯುವ ತಂತ್ರಾಂಶವೊಂದು ವಿಂಡೋಸಿನ ದ್ವಿಭಾಷಿಯ ಮೇಲೊಬ್ಬ, ಕೆಳಗೊಬ್ಬ ಎಂಬಂತೆ ತನ್ನ ಕಾವಲುಗಾರರನ್ನು ನಿಲ್ಲಿಸಿದ್ದಿತು. ಅವಕ್ಕೆ ಅಪ್ಪರ್‌ಫಿಲ್ಟರ್ಸ್, ಲೋಯರ್‌ಫಿಲ್ಟರ್ಸ್ ಎಂದು ಹೆಸರು. ತಂತ್ರಾಂಶವನ್ನು ತೆಗೆದುಹಾಕಿದಾಗ ಕಾವಲುಗಾರರು ಹೋದರು, ಅವರ ಹೆಸರುಗಳು ಮಾತ್ರ ಹಾಜರಿ ಪುಸ್ತಕದಲ್ಲಿ ಉಳಿದುವು. ವಿಂಡೋಸು ಪ್ರತಿ ಸಲವೂ ಇಲ್ಲದವರನ್ನು ಕೂಗಿ, ಉತ್ತರ ಬಾರದೆ ಯಂತ್ರವನ್ನೇ ನಿಲ್ಲಿಸಿಬಿಡುತ್ತಿದ್ದಿತು. ಹೀಗಿರಲು ಹೊಸ ಡ್ರೈವರನ್ನು ಎಷ್ಟು ಸಲ ಹಾಕಿದರೇನು ಪ್ರಯೋಜನ?

ಆ ಹಾಜರಿ ಪುಸ್ತಕಕ್ಕೆ ರಿಜಿಸ್ಟ್ರಿ ಎಂದು ಹೆಸರು. 'ರೆಜ್‌ಎಡಿಟ್' ಎಂಬುದನ್ನು ತೆರೆದು, 'ಕರೆಂಟ್‌ಕಂಟ್ರೋಲ್‌ಸೆಟ್', 'ಕಂಟ್ರೋಲ್', 'ಕ್ಲಾಸ್' ಎಂಬ ಕ್ರಮದಲ್ಲಿ ಇಳಿದರೆ ಉದ್ದವಾದ ಸಂಖ್ಯೆಗಳ ಸಾಲು ಕಾಣುವುದು. ಅದರಲ್ಲಿ 4ಡಿ36ಇ965 ಎಂದು ಮೊದಲಾಗುವುದೇ ಸಿ.ಡಿ. ಯಂತ್ರಗಳದು. ಮೊದಲು ಅದರ ಪ್ರತಿಯೊಂದನ್ನು 'ಎಕ್ಸ್‌ಪೋರ್ಟ್' ಮಾಡಿ ಇಟ್ಟುಕೊಂಡು, ಆಮೇಲೆ ಅಲ್ಲಿರುವ ಅಪ್ಪರ್‌ಫಿಲ್ಟರ್ಸ್, ಲೋಯರ್‌ಫಿಲ್ಟರ್ಸ್ ಎಂಬೆರಡು ನಮೂದುಗಳನ್ನು ಅಳಿಸಿ ಗಣಕಯಂತ್ರವನ್ನು ಮತ್ತೆ ಪ್ರಾರಂಭಿಸತಕ್ಕದ್ದು. ಇಲ್ಲಿ ನಾವು ಬಹಳ ಒತ್ತಿ ಹೇಳುವ ಮಾತೊಂದುಂಟು. ಅದರ ನೆರೆಯಲ್ಲಿಯೇ 4ಡಿ36ಇ967 ಎಂದು ಇನ್ನೊಂದಿದೆ. ಅದು ಹಾರ್ಡ್ ಡಿಸ್ಕಿನದು. ಅಲ್ಲಿಯೂ ಅಪ್ಪರ್‌ಫಿಲ್ಟರ್ಸ್ ಎಂಬ ಹೆಸರಿರುವುದು, ಅದು ಇರಲೇಬೇಕಾದುದು. 5ಕ್ಕೆ ಬದಲಾಗಿ 7ರಲ್ಲಿ ಅಳಿಸಿದರೆ ಗಣಕಯಂತ್ರವು ಏಳದೆಹೋಗಬಹುದು. ಅಂಕಿಗಳನ್ನು ಬೆರಳಿಟ್ಟು ಓದುವ ಅಭ್ಯಾಸವಿಲ್ಲದವರು ಈ ಕೆಲಸವನ್ನು ತಿಳಿದವರ ಕೈಯಿಂದಲೇ ಮಾಡಿಸುವುದು ಮೇಲು. ರಾಮಕೃಷ್ಣನಗರದ ಮನೆಯಲ್ಲಿ ಗಣಕಯಂತ್ರವು ಮತ್ತೆ ಎದ್ದಾಗ ರೈಟರಿನ ಹೆಸರು ತನ್ನ ಸ್ಥಾನದಲ್ಲಿಯೇ ಇದ್ದಿತು. ಹನ್ನೊಂದು ತಟ್ಟೆಗಳಲ್ಲಿ ಒಂಬತ್ತು ಪೂರ್ಣವಾಗಿ ಓದಿಬಂದುವು. ಒಂದು ಅರ್ಧದವರೆಗೆ ಬಂದಿತು. ಇನ್ನೊಂದರ ಬಣ್ಣವು ಅಂಚಿನಲ್ಲಿ ಪೂರ್ತಿಯಾಗಿ ಮಾಸಿಹೋಗಿದ್ದಿತು. ಎರಡು ವರ್ಷ ಮೊದಲೇ ನೋಡಿದ್ದರೆ ಅದೂ ದೊರೆಯುತ್ತಿದ್ದಿತೋ ಏನೋ ಎಂದು ಆಕೆ ಮತ್ತೆ ಮತ್ತೆ ಹೇಳುತ್ತಿದ್ದಳು.

ಯಂತ್ರದ ಹೆಸರು ಕಾಣದಿರುವುದಕ್ಕೆ ಇದಕ್ಕಿಂತ ಸುಲಭವಾದ ಕಾರಣವೂ ಉಂಟು, ಅದು ವಿದ್ಯುತ್ತಿನ ಸಾಲದಿಕೆ. ಯು.ಎಸ್.ಬಿ. 2.0 ರಂಧ್ರವು 500 ಮಿಲಿಆಂಪಿಯರಿಗಿಂತ ಹೆಚ್ಚು ಕೊಡುವ ಕಟ್ಟಿಲ್ಲ; 3.0 ರಂಧ್ರವು 900ರ ವರೆಗೆ ಕೊಡುವುದು. ಓದುವುದಕ್ಕಿಂತ ಬರೆಯುವುದಕ್ಕೆ ಹೆಚ್ಚು ಶಕ್ತಿ ಬೇಕು. ಆದಕಾರಣವೇ ಕೆಲವು ರೈಟರುಗಳ ತಂತಿಗೆ ಎರಡು ಮೊನೆಗಳಿರುವುವು, ಎರಡನ್ನೂ ಚುಚ್ಚಬೇಕು. ಹಲವು ಉಪಕರಣಗಳನ್ನು ಜೋಡಿಸುವ ಹಬ್ಬಿನ ಮೂಲಕ ಕೊಡದೆ ನೇರವಾಗಿ ಗಣಕಯಂತ್ರಕ್ಕೇ ಕೊಡುವುದು ಒಳ್ಳೆಯದು.

ಇನ್ನೊಂದು ದೂರೂ ನಮ್ಮ ಕಿವಿಗೆ ಬೀಳುವುದುಂಟು: ಹಾಡಿನ ತಟ್ಟೆ ನಡೆಯುತ್ತದೆ, ಮದುವೆಯ ಡಿ.ವಿ.ಡಿ. ಮಾತ್ರ ನಡೆಯುವುದಿಲ್ಲವೆಂದು. ಇದೂ ಡ್ರೈವರಿನ ದೋಷವಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಡಿ.ವಿ.ಡಿ. ಚಲನಚಿತ್ರವನ್ನು ತೋರಿಸುವ ಭಾಗವನ್ನು ವಿಂಡೋಸಿನ ಸಂಗಡ ಕೊಡುವುದನ್ನು ನಿಲ್ಲಿಸಿದರು. ವಿ.ಎಲ್.ಸಿ. ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡರೆ ಸಾಕು.

ಬರೆಯುವ ತಂತ್ರಾಂಶದ ವಿಚಾರಕ್ಕೆ ಬರೋಣ. ಸಾಧಾರಣವಾದ ಕೆಲಸಕ್ಕೆ ವಿಂಡೋಸಿನಲ್ಲಿ ಇರುವುದೇ ಸಾಲುವುದು. ಖಾಲಿ ತಟ್ಟೆಯನ್ನು ಇಟ್ಟೊಡನೆ ಅದು ಒಂದು ಪ್ರಶ್ನೆ ಕೇಳುವುದು: ಯು.ಎಸ್.ಬಿ. ಫ್ಲ್ಯಾಶ್ ಡ್ರೈವಿನಂತೆ ಬಳಸುವಿರೋ, ಸಿ.ಡಿ./ಡಿ.ವಿ.ಡಿ. ಪ್ಲೇಯರಿನೊಡನೆ ಬಳಸುವಿರೋ? ಯೋಚಿಸದೆ ಮೊದಲನೆಯದನ್ನು ಒತ್ತುವವರೇ ಬಹಳ. ಹಾಗೆ ಬರೆದ ತಟ್ಟೆಯು ಅದೇ ಗಣಕಯಂತ್ರದಲ್ಲಿ ಚೆನ್ನಾಗಿ ತೆರೆದು, ನೆಂಟರ ಮನೆಯ ಪ್ಲೇಯರಿನಲ್ಲಿ ಖಾಲಿಯೆಂದು ತೋರಬಹುದು. ಇತರರಿಗೆ ಕೊಡುವ ತಟ್ಟೆಗೆ ಎರಡನೆಯದನ್ನೇ ಆರಿಸತಕ್ಕದ್ದು. ಹೆಚ್ಚಿನ ಅನುಕೂಲಗಳು ಬೇಕಾದವರು ಇಮ್ಜ್‌ಬರ್ನ್, ಲಿನಕ್ಸಿನಲ್ಲಾದರೆ ಕೆ3ಬಿ, ಇಂಥವನ್ನು ಉಪಯೋಗಿಸಬಹುದು. ಹಣ ಕೊಟ್ಟು ಕೊಳ್ಳುವುವುಗಳಲ್ಲಿ 1997ರಲ್ಲಿ ಜರ್ಮನಿಯಿಂದ ಬಂದ 'ನೀರೋ ಬರ್ನಿಂಗ್ ರಾಮ್' ಹೆಸರಾದುದು. ಕ್ರಿ.ಶ. 64ರಲ್ಲಿ ರೋಮ್ ನಗರವು ಉರಿದುದನ್ನೂ ನೀರೋ ಚಕ್ರವರ್ತಿಯ ಮೇಲೆ ಬಂದ ಅಪವಾದವನ್ನೂ ಚರಿತ್ರೆಯ ಪಾಠದಲ್ಲಿ ಓದಿದ ಹುಡುಗಿಯರು ಆ ಹೆಸರಿನ ಚಮತ್ಕಾರವನ್ನು ಕೂಡಲೇ ಗ್ರಹಿಸುವರು. ಜರ್ಮನ್ ಭಾಷೆಯಲ್ಲಿ ರೋಮಿಗೆ 'ರಾಮ್' ಎಂದೇ ಬರೆಯುವರಷ್ಟೆ. ಯಾವುದನ್ನೇ ಹಾಕಲಿ, ಅದನ್ನು ತಯಾರಿಸಿದವರ ಸ್ವಂತ ತಾಣದಿಂದಲೇ ತರಬೇಕು, ಹಾಕುವಾಗ ಪ್ರತಿ ಪುಟವನ್ನೂ ಓದಬೇಕು. ಬೇಡದ ಸಾಮಾನುಗಳನ್ನು ಸೇರಿಸಲು ಒಪ್ಪಿಗೆ ಕೇಳುವ ಚೌಕಗಳು ಅಲ್ಲಲ್ಲಿ ಅಡಗಿರುವುವು. ಹಳೆಯದನ್ನು ತೆಗೆಯದೆ ಅದರ ಮೇಲೆ ಹೊಸದನ್ನು ಹಾಕಕೂಡದು. ಕಾರಣವು ಮೇಲೆ ಹೇಳಿದ ಕಾವಲುಗಾರರ ಕಥೆಯಿಂದ ತಿಳಿದೇ ಇದೆ.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವ ನಮ್ಮಂಥವರಿಗೆ ಬೇರೊಂದು ತೊಡಕುಂಟು. ಸಿ.ಡಿ.ಗಳ ಮೂಲ ಕಟ್ಟಳೆಯಾದ ಐ.ಎಸ್.ಒ. 9660 ಎಂಬುದರಲ್ಲಿ ರೋಮನ್ ದೊಡ್ಡಕ್ಷರಗಳಿಗೂ ಅಂಕಿಗಳಿಗೂ ಮಾತ್ರ ಸ್ಥಳ. 'ಜೋಲಿಯೆಟ್' ಎಂಬ ವಿಸ್ತರಣವನ್ನು ಸೇರಿಸಿದರೆ ಕನ್ನಡದ ಹೆಸರುಗಳು ಉಳಿಯುವುವು, ಆದರೆ 64 ಅಕ್ಷರಗಳ ಒಳಗೆ. ಆ ಲೆಕ್ಕವಾದರೂ ನಮ್ಮ ಲೆಕ್ಕವಲ್ಲ. ನಾವು ಒಂದೇ ಅಕ್ಷರವೆನ್ನುವ 'ಸ್ತ್ರೀ' ಎಂಬುದನ್ನು ಗಣಕಯಂತ್ರವು ಆರೆಂದು ಎಣಿಸುವುದು! ಆದುದರಿಂದ ಹೆಸರುಗಳನ್ನು ಚಿಕ್ಕದಾಗಿಡಬೇಕು. ಹಳೆಯ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಪತ್ರಗಳು ತಟ್ಟೆಯಲ್ಲಿದ್ದರೆ, ಅವು ಯೂನಿಕೋಡಿನಲ್ಲಿಲ್ಲವಾದ ಕಾರಣ ಆ ಅಕ್ಷರವಿನ್ಯಾಸದ ಕಡತವನ್ನೂ ಅದೇ ತಟ್ಟೆಯಲ್ಲಿ ಸೇರಿಸಿ ಬರೆಯಿರಿ. ಇಲ್ಲದಿದ್ದರೆ ಮುಂದೆ ತೆರೆದವರಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳೇ ಕಾಣುವುವು.

ಬರೆಯುವಾಗ ವೇಗವನ್ನು ಮಿತವಾಗಿಡುವುದು ನಮ್ಮ ಪದ್ಧತಿ. ಸಿ.ಡಿ.ಯ ಒಂದರ ವೇಗವೆಂದರೆ ಸೆಕೆಂಡಿಗೆ 150 ಕಿಲೋಬೈಟು; ತುಂಬಿದ ತಟ್ಟೆಗೆ 80 ನಿಮಿಷ ಹಿಡಿಯುವುದು. ಹದಿನಾರರ ವೇಗದಲ್ಲಿ ಐದೇ ನಿಮಿಷ. ಇದಕ್ಕಿಂತ ಅವಸರ ಯಾರಿಗೆ ಬೇಕು? ಬರೆದು ಮುಗಿದ ಮೇಲೆ 'ವೆರಿಫೈ' ಎಂಬುದನ್ನು ಬಿಡದೆ ನಡೆಯಿಸಿ, ಇನ್ನೊಂದು ಗಣಕಯಂತ್ರದಲ್ಲಿಯೂ ತೆರೆದು ನೋಡತಕ್ಕದ್ದು. ಹೆಸರನ್ನು ಸಿ.ಡಿ.ಗೆಂದೇ ಮಾರುವ ಮೃದುವಾದ ಪೆನ್ನಿನಿಂದ ಮೇಲ್ಭಾಗದಲ್ಲಿ ಬರೆಯಿರಿ. ಅಂಟುಚೀಟಿ ಬೇಡ, ಬಾಲ್‌ಪೆನ್ನು ಖಂಡಿತ ಬೇಡ, ಏಕೆಂದರೆ ಸಿ.ಡಿ.ಯ ಬರಹವು ಮೇಲ್ಮೈಗೆ ಬಹು ಸಮೀಪದಲ್ಲಿರುವುದು. ಒರಸುವಾಗ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರಸಿರಿ, ಸುತ್ತ ಒರಸಬೇಡಿ.

ಶಾಲೆಯ ಗ್ರಂಥಭಂಡಾರದಲ್ಲಿ ಈಗ ಒಂದು ರೈಟರನ್ನು ಇಟ್ಟಿರುವೆವು. ಮನೆಯಲ್ಲಿ ಯಂತ್ರವಿಲ್ಲದವರು ತಮ್ಮಲ್ಲಿರುವ ಶಾಲೆಯ ತಟ್ಟೆಗಳನ್ನು, ವರ್ಷವನ್ನೂ ತರಗತಿಯನ್ನೂ ಕವರಿನ ಮೇಲೆ ಬರೆದು, ಶನಿವಾರ ಮಧ್ಯಾಹ್ನದಲ್ಲಿ ತರಬಹುದು. ಓದಿ ಬಂದುದರ ಒಂದು ಪ್ರತಿ ಶಾಲೆಯಲ್ಲಿ ಉಳಿಯುವುದು. ತಂದ ತಟ್ಟೆಯನ್ನೂ ಹೊಸ ಪ್ರತಿಯೊಂದನ್ನೂ ಅದೇ ದಿನ ಹಿಂದಕ್ಕೆ ಕೊಡುವೆವು. ಮುಖ್ಯವಾಗಿ 2004ಕ್ಕೆ ಹಿಂದಿನ ವಾರ್ಷಿಕೋತ್ಸವಗಳ ತಟ್ಟೆ ಯಾರಲ್ಲಾದರೂ ಇದ್ದರೆ ದಯಮಾಡಿ ತಡಮಾಡದೆ ತಿಳಿಸಬೇಕು. ನಮ್ಮಲ್ಲಿ ಅವುಗಳಲ್ಲಿ ಒಂದೂ ಇಲ್ಲ.