ಸ್ಟೆಪ್ಪರ್ ಮೋಟಾರು ಡ್ರೈವರ್‌ಗಳಲ್ಲಿ ಪ್ರವಾಹ ಕ್ಷಯ ವಿಧಾನಗಳು

ಪ್ರವಾಹ ಕ್ಷಯ ವಿಧಾನ ಎಂಬುದು ಸ್ಟೆಪ್ಪರ್ ಮೋಟಾರಿನ ಸುರುಳಿಗೆ ವಿದ್ಯುತ್ ಪೂರೈಕೆಯನ್ನು ಕ್ಷಣಕಾಲ ತಡೆದಾಗ, ಅದರಲ್ಲಿ ಹರಿಯುತ್ತಿರುವ ವಿದ್ಯುತ್ ಪ್ರವಾಹವು ಯಾವ ಮಾರ್ಗದಲ್ಲಿ ಮತ್ತು ಎಷ್ಟು ವೇಗವಾಗಿ ಇಳಿಯಬೇಕೆಂದು ನಿರ್ಧರಿಸುವ ಕ್ರಮವಾಗಿದೆ. ನಿಧಾನ ಕ್ಷಯ, ಶೀಘ್ರ ಕ್ಷಯ ಮತ್ತು ಮಿಶ್ರ ಕ್ಷಯ ಎಂಬುವು ಇದರ ಮೂರು ಮುಖ್ಯ ಬಗೆಗಳು. ಸಿಎನ್‌ಸಿ ಯಂತ್ರಗಳು, 3ಡಿ ಪ್ರಿಂಟರ್‌ಗಳು ಮೊದಲಾದವುಗಳಲ್ಲಿ ಚಲನೆಯ ನಿಖರತೆ, ಸದ್ದು ಹಾಗೂ ಮೋಟಾರು ಬಿಸಿಯಾಗುವ ಪ್ರಮಾಣ ಈ ಆಯ್ಕೆಯನ್ನು ಅವಲಂಬಿಸಿರುತ್ತವೆ.

ಹಿನ್ನೆಲೆ

ಸಾಮಾನ್ಯ ಹೈಬ್ರಿಡ್ ಸ್ಟೆಪ್ಪರ್ ಮೋಟಾರು ಒಂದು ಹೆಜ್ಜೆಗೆ 1.8 ಡಿಗ್ರಿಯಂತೆ 200 ಹೆಜ್ಜೆಗಳಲ್ಲಿ ಒಂದು ಸುತ್ತನ್ನು ಪೂರ್ಣಗೊಳಿಸುತ್ತದೆ. ಸುರುಳಿಯ ಪ್ರೇರಕತೆಯು ಪ್ರವಾಹದ ಹಠಾತ್ ಬದಲಾವಣೆಯನ್ನು ವಿರೋಧಿಸುವುದರಿಂದ, ಪ್ರವಾಹವನ್ನು ಬೇಗನೆ ಏರಿಸಲು ಸುರುಳಿಗೆ ಅಗತ್ಯವಾದುದಕ್ಕಿಂತ ಹಲವು ಪಟ್ಟು ಹೆಚ್ಚಿನ ವೋಲ್ಟೇಜನ್ನು ಒದಗಿಸಲಾಗುತ್ತದೆ. ಪ್ರವಾಹವು ನಿಗದಿತ ಮಿತಿಯನ್ನು ಮುಟ್ಟಿದೊಡನೆ ಡ್ರೈವರ್ ಪೂರೈಕೆಯನ್ನು ತಡೆದು, ಸ್ವಲ್ಪ ಸಮಯದ ನಂತರ ಪುನಃ ಆರಂಭಿಸುತ್ತದೆ. ಈ ಆವರ್ತನೆಯು ಸೆಕೆಂಡಿಗೆ ಸಾವಿರಾರು ಬಾರಿ ನಡೆಯುತ್ತದೆ. ಪ್ರತಿ ಸುರುಳಿಗೂ ನಾಲ್ಕು ಟ್ರಾನ್ಸಿಸ್ಟರುಗಳ ಒಂದು ಎಚ್-ಬ್ರಿಡ್ಜ್ ಇರುತ್ತದೆ.

ವಿಧಗಳು

ನಿಧಾನ ಕ್ಷಯ: ಬ್ರಿಡ್ಜಿನ ಕೆಳಭಾಗದ ಎರಡೂ ಟ್ರಾನ್ಸಿಸ್ಟರುಗಳು ತೆರೆದುಕೊಂಡು, ಪ್ರವಾಹವು ಸುರುಳಿ ಮತ್ತು ಅವುಗಳ ನಡುವೆಯೇ ಸುತ್ತುತ್ತದೆ. ಸುರುಳಿಯ ರೋಧವೇ ಅದನ್ನು ತಗ್ಗಿಸಬೇಕಾಗುತ್ತದೆ. ಪ್ರವಾಹದ ಏರಿಳಿತ ಕಡಿಮೆ.

ಶೀಘ್ರ ಕ್ಷಯ: ಬ್ರಿಡ್ಜನ್ನು ವಿರುದ್ಧ ದಿಕ್ಕಿಗೆ ತಿರುಗಿಸಿ, ಪೂರೈಕೆಯ ಪೂರ್ಣ ವೋಲ್ಟೇಜನ್ನು ಪ್ರವಾಹಕ್ಕೆ ಎದುರಾಗಿ ನೀಡಲಾಗುತ್ತದೆ. ಸುರುಳಿಯ ಶಕ್ತಿ ಪೂರೈಕೆಯ ಕೆಪಾಸಿಟರಿಗೆ ಹಿಂದಿರುಗುತ್ತದೆ. ಪ್ರವಾಹ ಬೇಗ ಇಳಿಯುತ್ತದೆ, ಆದರೆ ಏರಿಳಿತವೂ ಸದ್ದೂ ಹೆಚ್ಚುತ್ತವೆ.

ಮಿಶ್ರ ಕ್ಷಯ: ತಡೆಯ ಅವಧಿಯ ಒಂದು ಭಾಗದಲ್ಲಿ ಶೀಘ್ರ ಕ್ಷಯವನ್ನೂ ಉಳಿದ ಭಾಗದಲ್ಲಿ ನಿಧಾನ ಕ್ಷಯವನ್ನೂ ಬಳಸಲಾಗುತ್ತದೆ.

ಲೆಕ್ಕದ ಉದಾಹರಣೆ

3 ಮಿಲಿಹೆನ್ರಿ ಪ್ರೇರಕತೆ ಮತ್ತು 2 ಓಮ್ ರೋಧವಿರುವ ಸುರುಳಿಯೊಂದು 24 ವೋಲ್ಟ್ ಪೂರೈಕೆಯಲ್ಲಿ 1 ಆಂಪಿಯರ್ ಪ್ರವಾಹವನ್ನು ಹೊಂದಿದೆ ಎಂದು ಭಾವಿಸಬಹುದು. ತಡೆಯ ಅವಧಿ 20 ಮೈಕ್ರೊಸೆಕೆಂಡ್ ಆಗಿದ್ದರೆ, ನಿಧಾನ ಕ್ಷಯದಲ್ಲಿ ಪ್ರವಾಹವು ಸುಮಾರು 0.013 ಆಂಪಿಯರ್ ಮಾತ್ರ ಇಳಿಯುತ್ತದೆ. ಶೀಘ್ರ ಕ್ಷಯದಲ್ಲಿ ಸುಮಾರು 0.17 ಆಂಪಿಯರ್ ಇಳಿಯುತ್ತದೆ. ಎರಡರ ನಡುವಿನ ಅಂತರ 13 ಪಟ್ಟು.

ಈ ಮೋಟಾರು ಸೆಕೆಂಡಿಗೆ 5 ಸುತ್ತು ತಿರುಗುವಾಗ ಒಂದು ಪೂರ್ಣ ಹೆಜ್ಜೆಗೆ 1 ಮಿಲಿಸೆಕೆಂಡ್ ದೊರೆಯುತ್ತದೆ. ಮೈಕ್ರೋಸ್ಟೆಪ್ಪಿಂಗ್‌ನಲ್ಲಿ ಅಷ್ಟರೊಳಗೆ ಪ್ರವಾಹವು ಗರಿಷ್ಠ ಮಟ್ಟದಿಂದ ಸೊನ್ನೆಗೆ ಬರಬೇಕು. ತಿರುಗುವಿಕೆಯಿಂದ ಉಂಟಾಗುವ ಪ್ರತಿ ವಿದ್ಯುಚ್ಚಾಲಕ ಬಲವನ್ನು ಗಣಿಸದಿದ್ದರೆ, ನಿಧಾನ ಕ್ಷಯದಲ್ಲಿ ಅದು ಅರ್ಧದಷ್ಟು ಮಾತ್ರ ಇಳಿದಿರುತ್ತದೆ. ಹೀಗಾಗಿ ಸೈನ್ ತರಂಗದ ಇಳಿಯುವ ಭಾಗವು ವಿಕಾರಗೊಳ್ಳುತ್ತದೆ.

ಕಡಿಮೆ ಪ್ರವಾಹದ ಮಿತಿ

ನಿಧಾನ ಕ್ಷಯದ ಮತ್ತೊಂದು ದೋಷ ಮೋಟಾರು ಬಹಳ ನಿಧಾನವಾಗಿ ತಿರುಗುವಾಗಲೂ ಕಾಣಿಸಿಕೊಳ್ಳುತ್ತದೆ. ಟ್ರಾನ್ಸಿಸ್ಟರುಗಳು ತೆರೆದಾಗ ಉಂಟಾಗುವ ವಿದ್ಯುತ್ ಸದ್ದನ್ನು ಪ್ರವಾಹವೆಂದು ತಪ್ಪಾಗಿ ಅಳೆಯದಿರಲು, ಡ್ರೈವರ್ ಪ್ರತಿ ಆವರ್ತನೆಯ ಆರಂಭದಲ್ಲಿ ಅಳತೆಯನ್ನು ಅಲ್ಪಕಾಲ ಕಡೆಗಣಿಸುತ್ತದೆ. ಪ್ರವಾಹ ಬೇಕಾಗಿರಲಿ, ಬೇಡವಾಗಿರಲಿ, ಆ ಅವಧಿಯಲ್ಲಿ ಪೂರೈಕೆ ನಡೆದೇ ತೀರುತ್ತದೆ. ಮೇಲಿನ ಉದಾಹರಣೆಯಲ್ಲಿ ಈ ಅವಧಿ 1 ಮೈಕ್ರೊಸೆಕೆಂಡ್ ಆಗಿದ್ದರೆ, 21 ಮೈಕ್ರೊಸೆಕೆಂಡಿಗೆ ಒಮ್ಮೆ 24 ವೋಲ್ಟ್ ದೊರೆತು, ಸರಾಸರಿ ವೋಲ್ಟೇಜ್ ಸುಮಾರು 1.14 ಆಗುತ್ತದೆ. ಇದನ್ನು 2 ಓಮ್‌ನಿಂದ ಭಾಗಿಸಿದರೆ 0.57 ಆಂಪಿಯರ್. ಅಂದರೆ ಡ್ರೈವರ್ 0.1 ಆಂಪಿಯರ್ ಬಯಸಿದರೂ ಪ್ರವಾಹವು 0.57ಕ್ಕಿಂತ ಕೆಳಗಿಳಿಯದು. ಪರಿಣಾಮವಾಗಿ ಸೊನ್ನೆಯ ಸಮೀಪದ ಹಲವು ಮೈಕ್ರೋಸ್ಟೆಪ್‌ಗಳಲ್ಲಿ ಮೋಟಾರು ಅಲುಗದೆ ನಿಂತು, ಬಳಿಕ ಒಮ್ಮೆಲೇ ಜಿಗಿಯುತ್ತದೆ. 3ಡಿ ಪ್ರಿಂಟರ್‌ಗಳಲ್ಲಿ ಇದು ವಸ್ತುವಿನ ಮೇಲ್ಮೈಯಲ್ಲಿ ಸಮಾನ ಅಂತರದ ಗೆರೆಗಳಾಗಿ ಕಾಣುತ್ತದೆ.

ಆಯ್ಕೆಯ ಕ್ರಮ

ಪೂರ್ಣ ಹೆಜ್ಜೆಗಳಲ್ಲಿ ನಿಧಾನವಾಗಿ ತಿರುಗುವ ಅಥವಾ ಒಂದೇ ಸ್ಥಾನದಲ್ಲಿ ಭಾರವನ್ನು ಹಿಡಿದಿಡುವ ಮೋಟಾರಿಗೆ ನಿಧಾನ ಕ್ಷಯ ಸಾಕಾಗುತ್ತದೆ. ಮೈಕ್ರೋಸ್ಟೆಪ್ಪಿಂಗ್‌ಗೆ ಪ್ರವಾಹ ಏರುವಾಗ ನಿಧಾನ ಕ್ಷಯ ಮತ್ತು ಇಳಿಯುವಾಗ ಮಿಶ್ರ ಕ್ಷಯ ಎಂಬ ಸಂಯೋಜನೆ ರೂಢಿಯಲ್ಲಿದೆ. ಸುರುಳಿಯ ರೋಧ ಕಡಿಮೆಯಿದ್ದು ಪೂರೈಕೆಯ ವೋಲ್ಟೇಜ್ ಹೆಚ್ಚಿದ್ದರೆ, ಏರುವ ಭಾಗದಲ್ಲಿಯೂ ಮಿಶ್ರ ಕ್ಷಯ ಅಗತ್ಯವಾಗುತ್ತದೆ. ಅದಕ್ಕೆ ಅವಕಾಶವಿಲ್ಲದ ಡ್ರೈವರ್‌ಗಳಲ್ಲಿ ಪೂರೈಕೆಯ ವೋಲ್ಟೇಜನ್ನು ತಗ್ಗಿಸುವುದು ಒಂದು ಪರಿಹಾರ. ಆದರೆ ಇದರಿಂದ ಹೆಚ್ಚಿನ ವೇಗದಲ್ಲಿ ಟಾರ್ಕ್ ಕುಗ್ಗುತ್ತದೆ. ಶೀಘ್ರ ಕ್ಷಯದ ಪ್ರಮಾಣವನ್ನು ಅಗತ್ಯಕ್ಕಿಂತ ಹೆಚ್ಚಿಸಿದರೆ ಸರಾಸರಿ ಪ್ರವಾಹ ಇಳಿದು, ಮೋಟಾರಿನ ಗುಂಯ್‌ಗುಡುವಿಕೆಯೂ ಬಿಸಿಯೂ ಏರುತ್ತವೆ. ಆಸಿಲೋಸ್ಕೋಪಿನಲ್ಲಿ ಪ್ರವಾಹದ ತರಂಗವನ್ನು ಕಂಡು, ಸೊನ್ನೆಯ ಬಳಿ ಅದು ಸರಾಗವಾಗಿ ಸಾಗುತ್ತಿದೆಯೇ ಎಂದು ಪರೀಕ್ಷಿಸುವುದು ವಿಶ್ವಾಸಾರ್ಹ ವಿಧಾನ.

ಬಳಕೆಯಲ್ಲಿರುವ ಐಸಿಗಳು

ಎಲ್297 ಎಂಬ ಹಳೆಯ ನಿಯಂತ್ರಕದಲ್ಲಿ ಕಂಟ್ರೋಲ್ ಎಂಬ ಪಿನ್ನಿನ ಮೂಲಕ ಶೀಘ್ರ ಅಥವಾ ನಿಧಾನ ಕ್ಷಯವನ್ನು ಆಯ್ದುಕೊಳ್ಳಬಹುದಾಗಿತ್ತು. ಅಲೆಗ್ರೋ ಸಂಸ್ಥೆಯ ಎ4988ರ ಮಿಶ್ರ ಕ್ಷಯದಲ್ಲಿ ತಡೆಯ ಅವಧಿಯ ಶೇ. 31.25 ಭಾಗ ಶೀಘ್ರ ಕ್ಷಯವಾಗಿರುತ್ತದೆ. 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರವನ್ನು ತೆರೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಡಿಆರ್‌ವಿ8825ರಲ್ಲಿ ಒಂದೇ ಪಿನ್ ಮೂರು ವಿಧಾನಗಳನ್ನೂ ಆರಿಸುತ್ತದೆ: ಅದನ್ನು ಕೆಳಮಟ್ಟದಲ್ಲಿಟ್ಟರೆ ನಿಧಾನ, ಮೇಲ್ಮಟ್ಟದಲ್ಲಿಟ್ಟರೆ ಶೀಘ್ರ, ಯಾವುದಕ್ಕೂ ಜೋಡಿಸದಿದ್ದರೆ ಮಿಶ್ರ ಕ್ಷಯ. ಮಾರುಕಟ್ಟೆಯಲ್ಲಿ ದೊರೆಯುವ ಸಿದ್ಧ ಬೋರ್ಡುಗಳಲ್ಲಿ ಈ ಪಿನ್ ಹೊರಗೆ ಲಭ್ಯವಿಲ್ಲದಿರಬಹುದು. ಟ್ರೈನಾಮಿಕ್ ಸಂಸ್ಥೆಯ ಟಿಎಂಸಿ2209ರಂತಹ ಐಸಿಗಳು ಸ್ಪ್ರೆಡ್‌ಸೈಕಲ್ ಎಂಬ ಕ್ರಮದಲ್ಲಿ ಶೀಘ್ರ ಕ್ಷಯದ ಅವಧಿಯನ್ನು ಪ್ರತಿ ಆವರ್ತನೆಯಲ್ಲಿಯೂ ಅಳತೆಗೆ ಅನುಗುಣವಾಗಿ ತಾವೇ ಹೊಂದಿಸಿಕೊಳ್ಳುತ್ತವೆ.